ಬೆಂಬಲದ ಮಾತು ಕೊಡುವ ಮುನ್ನ

ಮಗಳೇ,

ನೀನು ಗೆದ್ದ ಸುದ್ದಿ ಕೇಳಿ ಹಿಗ್ಗಿದೆ. ಅದರ ಹಿಂದೆಯೇ ಇನ್ನೊಂದು ಸುದ್ದಿಯೂ ಬಂತು. ಪಂಚಾಯಿತಿಯಲ್ಲಿ ಮೇಗಲಮನೆಯವರಿಗೂ ಬಹುಮತ ಬಂದಿಲ್ಲ, ಕೆಳಗಲಮನೆಯವರಿಗೂ ಬಂದಿಲ್ಲ, ನಡುವೆ ಉಳಿದ ಐದು ಜನರಲ್ಲಿ ನೀನೂ ಒಬ್ಬಳು. ಆಗಲೇ ಎರಡೂ ಕಡೆಯವರು ನಿಮ್ಮ ಜಗಲಿ ಮೇಲೆ ಕೂತು ಕಾಫಿ ಕುಡಿದು ಹೋಗಿದ್ದಾರಂತೆ. 30 ತಿಂಗಳ ಅಧ್ಯಕ್ಷಗಿರಿಯನ್ನು 15 ತಿಂಗಳು ಅವರಿಗೆ, 15 ತಿಂಗಳು ಇವರಿಗೆ ಎಂದು ಹಂಚುವ ಮಾತೂ ನಡೆದಿದೆಯಂತೆ. ನೀನು ಹೂಂ ಅನ್ನುವ ಮೊದಲು ನಿನ್ನ ದೊಡ್ಡಮ್ಮನ ನಾಲ್ಕು ಮಾತು ಕೇಳಿಸಿಕೋ.

ಓದಿದ ಮಕ್ಕಳು ಮನೆತನ, ಬೆಡಗು, ಅಣ್ತಮ್ಮಿಕೆ ಅಂದರೆ ಮುಖ ಸಿಂಡರಿಸುತ್ತೀರಿ. ಹಾಗೆ ಮಾಡಬೇಡ. ನಡುರಾತ್ರಿ ಹೆರಿಗೆ ನೋವು ಬಂದರೆ ಗಾಡಿ ಹೊರಡಿಸುವವರು ಮನೆತನದವರೇ, ಠಾಣೆಯಲ್ಲಿ ಕೂರಿಸಿದ ಹುಡುಗನಿಗೆ ಜಾಮೀನು ನಿಲ್ಲುವವರೂ ಅವರೇ. ಸರ್ಕಾರ ಕೈಗೆ ಸಿಗದ ಕಡೆ ಜನಕ್ಕೆ ಸಿಕ್ಕಿದ್ದು ಮನೆತನ. ವೋಟೂ ಅಲ್ಲಿಗೇ ಹೋಗುವುದರಲ್ಲಿ ಆಶ್ಚರ್ಯವೇನಿದೆ? ನಿನಗೆ ಬಿದ್ದ ವೋಟಿನಲ್ಲೂ ಎಷ್ಟೋ ನಿನ್ನ ಮಾವನವರ ಮುಖ ನೋಡಿ ಬಿದ್ದದ್ದು. ಇದನ್ನು ಒಪ್ಪಿಕೊಂಡೇ ಕೆಲಸ ಶುರು ಮಾಡು.

ಹಿಂದೆ ದೊಡ್ಡ ಕುಲದ ಬಲ ಇಲ್ಲದವರು ಕೈಕೈ ಜೋಡಿಸದೆ ಮೇಲೆ ಬಂದದ್ದೇ ಇಲ್ಲ. 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸರ ಬೆನ್ನಿಗೆ ತಲೆ ಎಣಿಸಿ ತೋರಿಸುವಂಥ ಜಾತಿ ಇರಲಿಲ್ಲ. ಲಿಂಗಾಯತ, ಒಕ್ಕಲಿಗ ಮುಖಂಡರ ನಡುವೆಯೇ ಓಡಾಡಿಕೊಂಡಿದ್ದ ಅಧಿಕಾರದ ಕಡೆಗೆ ಅವರು ಹಿಂದುಳಿದವರು, ದಲಿತರು, ಅಲ್ಪಸಂಖ್ಯಾತರನ್ನು ಒಟ್ಟಿಗೆ ಕರೆತಂದರು. 1974ರ ಭೂಸುಧಾರಣೆ, ಹಿಂದುಳಿದ ವರ್ಗಗಳ ಬಗ್ಗೆ 1975ರ ಹಾವನೂರು ವರದಿ ಎಲ್ಲ ಆ ಕೂಟದ ಫಲ. ಹೆಸರಿಗೆ ಒಂದೇ ಪಕ್ಷದ ಸರ್ಕಾರವಾದರೂ ಒಳಗೆ ಅದು ಮೈತ್ರಿಯೇ. ಆದ್ದರಿಂದ ಮೈತ್ರಿ ಅಂದರೆ ಹೊಲಸು, ಒಂದೇ ಗುಂಪು ಆಳಿದರೆ ಗಟ್ಟಿ ಎಂದು ಯಾರಾದರೂ ಹೇಳಿದರೆ ನಂಬಬೇಡ.

1983ರ ವಿಷಯವನ್ನಂತೂ ನೀನು ತಿಳಿದಿರಲೇಬೇಕು. 224 ಸ್ಥಾನದ ವಿಧಾನಸಭೆಯಲ್ಲಿ ಜನತಾ ಪಕ್ಷಕ್ಕೆ ಬಂದದ್ದು 95. ಬಿಜೆಪಿ ಮತ್ತು ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು, ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಇವತ್ತು ಬಿದ್ದೀತು, ನಾಳೆ ಬಿದ್ದೀತು ಅನ್ನುತ್ತಿದ್ದ ಆ ಸರ್ಕಾರವೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯ್ದೆ ತಂದಿತು. ಊರೂರಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಅನ್ನಿಸಿಕೊಂಡ ಅಬ್ದುಲ್ ನಜೀರ್ ಸಾಬರು ಅದರ ಬೆನ್ನು ಹತ್ತಿದ ಮಂತ್ರಿ. ಹೆಂಗಸರಿಗೆ ಶೇಕಡ 25 ಸ್ಥಾನ ಮೀಸಲಿಟ್ಟ ಆ ಕಾಯ್ದೆಯಿಂದಲೇ 1987ರಲ್ಲಿ ನಾನು ತಲೆ ಮೇಲೆ ಸೆರಗು ಹೊದ್ದು ಮಂಡಲದ ಕುರ್ಚಿಯಲ್ಲಿ ಕೂತದ್ದು.

ನಮ್ಮ ಮಂಡಲದಲ್ಲೂ ಎರಡು ಮನೆತನ. ಬೋರ್ ಎಲ್ಲಿ ಹಾಕಿಸಬೇಕು ಅನ್ನುವಲ್ಲಿಗೆ ಸಭೆ ನಿಂತುಬಿಡುತ್ತಿತ್ತು. ಇವರು ತಮ್ಮ ತೋಟದ ಬದು ತೋರಿಸಿದರೆ ಅವರು ತಮ್ಮ ಕಣದ ಅಂಚು ತೋರಿಸುತ್ತಿದ್ದರು. ನಾವು ಹೆಂಗಸರು ಇಬ್ಬರ ಕಡೆಗೂ ಹೋಗಲಿಲ್ಲ. ಯಾವ ಹಟ್ಟಿ, ಯಾವ ಕೇರಿಯವರು ಎಷ್ಟು ದೂರದಿಂದ ಕೊಡ ಹೊತ್ತು ತರುತ್ತಾರೆ, ಬೇಸಿಗೆಯಲ್ಲಿ ಎಷ್ಟು ಹೊತ್ತು ಕಾಯುತ್ತಾರೆ ಎಂದು ಮನೆಗಳಿಗೆ ಹೋಗಿ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಸಭೆಯಲ್ಲಿ ಓದಿದೆವು. ದೂರದವರಿಗೆ ಮೊದಲು ಎಂದು ನಿರ್ಣಯವಾದರೆ ಮಾತ್ರ ಮಂಡಲ ಪ್ರಧಾನರಿಗೆ ನಮ್ಮ ಬೆಂಬಲ ಎಂದೆವು. ಅವರಿಗೆ ನಮ್ಮ ಕೈ ಬೇಕಿತ್ತು, ಒಪ್ಪಿದರು. ನಡವಳಿ ಪುಸ್ತಕದಲ್ಲಿ ಊರುಗಳ ಹೆಸರನ್ನು ಸಾಲಾಗಿ ಬರೆಸಿ, ಕೆಳಗೆ ಎಲ್ಲರ ಸಹಿ ಬಿದ್ದ ಮೇಲೇ ಎದ್ದೆವು. ಮೊದಲ ಕೈಪಂಪು ಬಂದದ್ದು ಗೊಲ್ಲರಹಟ್ಟಿಗೆ. ಆ ಹಟ್ಟಿಯಿಂದ ಗೆದ್ದ ಸದಸ್ಯರು ಯಾರೂ ಇರಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿನ್ನ ಮುಂದೆ ಈಗ ಇಟ್ಟಿರುವುದು ತಿಂಗಳ ಲೆಕ್ಕ ಮಾತ್ರ. ಆ ಲೆಕ್ಕ ಏನಾಗುತ್ತದೆ ಎಂದು ರಾಜ್ಯವೇ ನೋಡಿದೆ. 2006ರ ಫೆಬ್ರವರಿಯಲ್ಲಿ ಜೆಡಿಎಸ್ ಮತ್ತು ಬಿಜೆಪಿ 20 ತಿಂಗಳು ನಮಗೆ, 20 ತಿಂಗಳು ನಿಮಗೆ ಎಂದು ಸರ್ಕಾರ ಮಾಡಿದವು. ಮೊದಲ ಸರದಿ ಎಚ್.ಡಿ. ಕುಮಾರಸ್ವಾಮಿಯವರದು. 2007ರ ಅಕ್ಟೋಬರ್‌ನಲ್ಲಿ ಅಧಿಕಾರ ಕೈ ಬದಲಾಗಲಿಲ್ಲ. ಮತ್ತೆ ಮಾತುಕತೆಯಾಗಿ ನವೆಂಬರ್ 12ರಂದು ಯಡಿಯೂರಪ್ಪನವರು ಪ್ರಮಾಣವಚನ ತೆಗೆದುಕೊಂಡು, ಬೆಂಬಲ ಸಿಗದೆ 19ರಂದು ರಾಜೀನಾಮೆ ಕೊಟ್ಟರು. ಮಾತು ತಪ್ಪಿದ್ದು ಯಾರು ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಮಾತಿನ ತಿರುಳೇ ಕುರ್ಚಿಯಾದರೆ ಅವಧಿ ಮುಗಿಯುತ್ತ ಬಂದಂತೆ ಬಿಡುವವರಿಗೂ ಕೂರುವವರಿಗೂ ಕ್ಯಾಲೆಂಡರ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಪಂಚಾಯಿತಿಯಲ್ಲೂ ಅಷ್ಟೇ ಕಣಮ್ಮ. ಇಳಿಯುವವರಿಗೆ ಕೊನೆಯ ತಿಂಗಳಲ್ಲಿ ಬಿಲ್ಲು ಪಾಸು ಮಾಡಿಸುವ ಆತುರ, ಬರುವವರಿಗೆ ಹಳೆಯ ಕೆಲಸ ನಿಲ್ಲಿಸುವ ಆತುರ. ಚರಂಡಿ ಅರ್ಧಕ್ಕೆ ನಿಲ್ಲುತ್ತದೆ.

ಹಾಗಂತ ಕಾಗದದಲ್ಲಿ ಬರೆದುಬಿಟ್ಟರೆ ಎಲ್ಲ ಆಯಿತು ಅಂದುಕೊಳ್ಳಬೇಡ. 2018ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿದಾಗ ಸಮನ್ವಯ ಸಮಿತಿ ಇತ್ತು, ಸಮಾನ ಕಾರ್ಯಕ್ರಮವೂ ಇತ್ತು. ಆದರೆ ಹಳೇ ಮೈಸೂರಿನ ಊರುಗಳಲ್ಲಿ ಆ ಎರಡು ಪಕ್ಷಗಳು ಎರಡು ಗುಂಪುಗಳಾಗಿ ವರ್ಷಾನುಗಟ್ಟಲೆ ಹೊಡೆದಾಡಿದ್ದವು. ಒಬ್ಬರ ಮೇಲೊಬ್ಬರು ಹಾಕಿದ ಕೇಸುಗಳು ಕೋರ್ಟಿನಲ್ಲಿದ್ದವು. ಬೆಂಗಳೂರಿನಲ್ಲಿ ಕೈ ಎತ್ತಿ ಹಿಡಿದು ಫೋಟೋ ತೆಗೆಸಿದ ಮಾತ್ರಕ್ಕೆ ಊರಲ್ಲಿ ಕೈ ಕೂಡಲಿಲ್ಲ. 2019ರ ಲೋಕಸಭೆಯಲ್ಲಿ ಇಬ್ಬರೂ ಸೇರಿ ನಿಂತರೂ 28ರಲ್ಲಿ ಗೆದ್ದದ್ದು ಒಬ್ಬರು ಒಂದು, ಇನ್ನೊಬ್ಬರು ಒಂದು. ಮಂಡ್ಯದಲ್ಲಿ ಪಕ್ಷೇತರರಾಗಿದ್ದ ಸುಮಲತಾ ಗೆದ್ದರು, ತುಮಕೂರಿನಲ್ಲಿ ದೇವೇಗೌಡರೇ ಸೋತರು. ಜುಲೈ 23ರಂದು ವಿಶ್ವಾಸಮತಕ್ಕೆ 99, ವಿರುದ್ಧ 105 ಬಿದ್ದು ಸರ್ಕಾರ ಹೋಯಿತು. ನೀನು ಯಾರ ಜೊತೆ ಹೋಗುವುದಾದರೂ ಮೊದಲು ನಿನ್ನ ವಾರ್ಡಿನ ಜನರ ಮುಂದೆ ಕೂತು ಯಾಕೆ ಹೋಗುತ್ತಿದ್ದೇನೆ ಎಂದು ಹೇಳು. ಅವರು ಬೈದರೂ ಬೈಯಲಿ, ಆ ಬೈಗುಳ ಮೊದಲೇ ಆಗಿಹೋಗುವುದು ಲೇಸು.

ಇನ್ನು ಸಹಿಯ ವಿಷಯ. ಖಾಲಿ ಹಾಳೆಗೆ ಸಹಿ ಕೇಳುತ್ತಾರೆ, ಸುಮ್ಮನೆ ನಂಬಿಕೆಗೆ ಇರಲಿ ಅನ್ನುತ್ತಾರೆ. ಯಾರು ಕೇಳಿದರೂ ಹಾಕಬೇಡ, ನಿನ್ನ ಗಂಡ ಕೇಳಿದರೂ ಹಾಕಬೇಡ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ 19 ಶಾಸಕರು ಬೆಂಬಲ ಹಿಂತೆಗೆದಿದ್ದಾರೆ ಎಂಬ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಅವರಲ್ಲಿ ಏಳು ಜನ, ನಮಗೆ ತಪ್ಪು ತಿಳಿಸಿ ಸಹಿ ಹಾಕಿಸಿಕೊಂಡರು ಎಂದು ಆಮೇಲೆ ಬರೆದುಕೊಟ್ಟರು. ಸದನದಲ್ಲಿ ಬಲ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ, 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ತೀರ್ಮಾನವಾಗಬೇಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚ್‌ನಲ್ಲಿ. ಸರಿಯಾದ ಮಾತು ಬಂತು, ಹೋದ ಸರ್ಕಾರ ತಿರುಗಿ ಬರಲಿಲ್ಲ.

ಟೆಂಪೋ ಟ್ರಾವೆಲರ್ ಬಂದು ಬಾಗಿಲಲ್ಲಿ ನಿಂತೀತು. ದೇವಸ್ಥಾನ, ರೆಸಾರ್ಟ್, ಅಧ್ಯಕ್ಷರ ಚುನಾವಣೆ ದಿನ ವಾಪಸ್ಸು, ಅಲ್ಲಿಯವರೆಗೆ ಫೋನು ಅವರ ಹತ್ತಿರ. ಹತ್ತಬೇಡ. ದೇವರ ಮುಂದೆ ಆಣೆಯನ್ನೂ ಇಡಬೇಡ. ದೇವರಿಗೆ ಹೆದರುವ ಬಡ ಸದಸ್ಯೆಯನ್ನೇ ಹುಡುಕಿ ಆಣೆ ಹಾಕಿಸುವುದನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಊರಲ್ಲೇ ಇರು, ಮನೆಯಲ್ಲೇ ಮಲಗು.

ಕಷ್ಟವಾಗುವುದು ನಮ್ಮವರ ಹತ್ತಿರವೇ. ಈಗ ಅರ್ಧ ಸ್ಥಾನ ಹೆಂಗಸರಿಗೆ ಇದ್ದರೂ ಎಷ್ಟೋ ಪಂಚಾಯಿತಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡುವವನು ಅಧ್ಯಕ್ಷೆಯ ಗಂಡನೋ ಮೈದುನನೋ ಆಗಿರುತ್ತಾನೆ. ನಿನ್ನನ್ನು ನಿಲ್ಲಿಸಿದ್ದೂ ಮೀಸಲಾತಿ ಬಂತು, ಸ್ಥಾನ ಮನೆ ದಾಟಬಾರದು ಎಂಬ ಲೆಕ್ಕದಿಂದ. ಅದು ನಿನಗೂ ಗೊತ್ತು, ನನಗೂ ಗೊತ್ತು. ಮಾವನವರಿಗೆ ಎದುರಾಡಬೇಡ. ಆದರೆ ಮೊದಲ ಸಭೆಗೆ ಒಬ್ಬಳೇ ಹೋಗು, ಕ್ರಿಯಾ ಯೋಜನೆಯ ಪ್ರತಿಯನ್ನು ಪಿಡಿಒ ಹತ್ತಿರ ನೀನೇ ಕೇಳಿ ತಗೋ, ನಡವಳಿಯನ್ನು ಪೂರ್ತಿ ಓದಿ ಸಹಿ ಹಾಕು. ನಮ್ಮ ಗುಂಪಿನವರು ಬೇಲಿ ಒತ್ತಿ ದಾರಿ ಮುಚ್ಚಿದ್ದರೆ ಅದೂ ನಿನ್ನ ಕೆಲಸಗಳ ಪಟ್ಟಿಯಲ್ಲಿ ಇರಲಿ.

ಬೆಂಬಲ ವಾಪಸ್ಸು ತೆಗೆಯಬೇಕಾದ ದಿನ ಬಂದರೆ ಸಭೆಯಲ್ಲಿ ಎದ್ದು ನಿಂತು ಕಾರಣ ಹೇಳಿ, ಬರೆಸಿ, ತೆಗೆ. ಆಮೇಲೂ ನೀರಿಗೆ, ಬೀದಿದೀಪಕ್ಕೆ, ಅಂಗನವಾಡಿ ರಿಪೇರಿಗೆ ಅವರು ತಂದ ಪ್ರಸ್ತಾವಕ್ಕೆ ಕೈ ಎತ್ತುವುದನ್ನು ಬಿಡಬೇಡ.

ಸದ್ಯಕ್ಕೆ ಇಬ್ಬರಿಗೂ ಹೂಂ ಅನ್ನಬೇಡ, ಊಹೂಂ ಅನ್ನಬೇಡ. ಉಳಿದ ನಾಲ್ಕು ಜನ ಸದಸ್ಯರನ್ನು ನಿನ್ನ ಮನೆಗೇ ಕರೆದು ಕೂರಿಸಿಕೋ. ಐದೂ ವಾರ್ಡುಗಳ ಕೆಲಸ ಸೇರಿಸಿ ಒಂದೇ ಪಟ್ಟಿ ಮಾಡಿ ಭಾನುವಾರದೊಳಗೆ ನನಗೂ ಒಂದು ಪ್ರತಿ ಕಳಿಸು, ನೋಡಿ ಹೇಳುತ್ತೇನೆ.

ನಿನ್ನ ದೊಡ್ಡಮ್ಮ