ಶುಷ್ಕಕಾಲದ ಪ್ರಾರ್ಥನೆ: ಅವಿಲಾದ ತೆರೇಸಾ ಕಲಿತದ್ದು

ಪ್ರಾರ್ಥನೆಗೆ ಕುಳಿತವರಲ್ಲಿ ಭಕ್ತಿಯ ಆರ್ದ್ರತೆ ಬತ್ತಿ, ದೇವರ ಸಾನ್ನಿಧ್ಯದ ಅನುಭವವಾಗಲಿ ಧ್ಯಾನದ ರುಚಿಯಾಗಲಿ ಉಳಿಯದ ಸ್ಥಿತಿಯನ್ನು ಕ್ರೈಸ್ತ ಅಧ್ಯಾತ್ಮ ಸಾಹಿತ್ಯವು ಶುಷ್ಕತೆ ಎಂದು ಗುರುತಿಸುತ್ತದೆ. ಅದನ್ನು ತಮ್ಮ ಬದುಕನ್ನೇ ಮುಂದಿಟ್ಟು ಬಿಚ್ಚಿ ಹೇಳಿದವರಲ್ಲಿ ಸ್ಪೇನಿನ ಅವಿಲಾ ನಗರದ ಸಂತ ತೆರೇಸಾ (1515–1582) ಅವರಷ್ಟು ನಿಸ್ಸಂಕೋಚವಾಗಿ ಬರೆದವರು ವಿರಳ. 1535ರಲ್ಲಿ ಕಾರ್ಮೆಲ್ ಸಭೆಯ ಕನ್ಯಾಮಠವನ್ನು ಸೇರಿದ ಅವರು, ಆತ್ಮಕಥೆಯಲ್ಲಿ ಹೇಳಿಕೊಂಡಿರುವಂತೆ, 18 ವರ್ಷಗಳನ್ನು ಈ ಬರದಲ್ಲಿ ಕಳೆದರು. ಪರಮಪ್ರಸಾದ ಸ್ವೀಕರಿಸಿದ ಹೊತ್ತನ್ನು ಬಿಟ್ಟರೆ ಪುಸ್ತಕವೊಂದು ಜೊತೆಗಿಲ್ಲದೆ ಪ್ರಾರ್ಥನೆಗೆ ಕೂರುವ ಧೈರ್ಯ ಅವರಿಗಾಗುತ್ತಿರಲಿಲ್ಲ, ಎಷ್ಟೋ ಸಲ ನಿಗದಿತ ಗಂಟೆ ಮುಗಿದರೆ ಸಾಕೆಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದರು.

ಪ್ರಾರ್ಥನಾಜೀವನವನ್ನು ತೆರೇಸಾ ತೋಟಕ್ಕೆ ಹೋಲಿಸುತ್ತಾರೆ. ಬಾವಿಯಿಂದ ಸೇದಿ, ಚಕ್ರ ತಿರುಗಿಸಿ ಮೇಲೆತ್ತಿ, ಹೊಳೆಯಿಂದ ಹಾಯಿಸಿ, ಕೊನೆಗೆ ಮಳೆಯಿಂದ, ಹೀಗೆ ನಾಲ್ಕು ಬಗೆಯಲ್ಲಿ ಅದಕ್ಕೆ ನೀರು ದೊರೆಯುತ್ತದೆ. ಆರಂಭದ ಸಾಧಕರದು ಸೇದುವ ಕೆಲಸ. ಬಾವಿಯೇ ಬತ್ತಿರುವ ದಿನವೂ ಉಂಟು. ಆಗಲೂ ತೋಟಗಾರನು ತನ್ನ ಪಾಲಿನ ಶ್ರಮವನ್ನು ಬಿಡದಿದ್ದರೆ ದೇವರು ನೀರಿಲ್ಲದೆಯೇ ಹೂಗಳನ್ನು ಕಾಯುತ್ತಾನೆ ಎಂಬುದು ಅವರ ದೃಢವಾದ ನಿಲುವು. ಒಂದು ಅವಧಿಯಲ್ಲಿ ಅವರು, ತಾವು ಯೋಗ್ಯರಲ್ಲವೆಂಬ ವಿನಯದ ನೆಪದಲ್ಲಿ, ಮೌನಪ್ರಾರ್ಥನೆಯನ್ನೇ ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟಿದ್ದರು. ಬದುಕಿನಲ್ಲಿ ಎದುರಾದ ಅತಿ ಭಯಂಕರ ಮೋಸ ಅದೇ ಎಂದು ಮುಂದೆ ಎಣಿಸಿದ್ದರಿಂದಲೇ ಅವರ ಈ ನಿಲುವಿಗೆ ಅಷ್ಟು ತೂಕ ಬಂದಿದೆ.

ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ಇಂಥ ಹೊತ್ತಿನಲ್ಲಿ ಮೊದಲಿನ ನಿರ್ಧಾರಗಳನ್ನು ಬದಲಿಸಬಾರದೆಂದೂ, ಗೊತ್ತುಪಡಿಸಿದ ವೇಳೆಗಿಂತ ತುಸು ಹೆಚ್ಚೇ ಪ್ರಾರ್ಥನೆಯಲ್ಲಿ ಉಳಿಯಬೇಕೆಂದೂ ವಿಧಿಸುತ್ತಾರೆ. ತೆರೇಸಾ ಇದಕ್ಕೆ ಕರುಣೆಯ ಇನ್ನೊಂದು ಎಳೆಯನ್ನು ಸೇರಿಸುತ್ತಾರೆ: ಶುಷ್ಕತೆ ಅನೇಕ ವೇಳೆ ದೇಹದ ಅಸ್ವಸ್ಥತೆಯಿಂದಲೋ ಹವೆಯ ಬದಲಾವಣೆಯಿಂದಲೋ ಬರುವುದರಿಂದ, ಆಗ ಆತ್ಮವನ್ನು ಹಿಂಸಿಸದೆ ಪ್ರಾರ್ಥನೆಯ ಹೊತ್ತನ್ನು ಬದಲಿಸಬಹುದು, ಓದಬಹುದು, ಪರಸೇವೆಯಲ್ಲಿ ತೊಡಗಬಹುದು, ಬಯಲಿಗೆ ಹೋಗಿ ಬರಬಹುದು. ಬಳಲಿದ ಸಾಧಕರ ಪಾಲಿಗೆ ಈ ಎರಡನೆಯ ಮಾತೇ ಹೆಚ್ಚು ಜೀವದಾಯಕ. ಆದರೆ ಮೊದಲನೆಯದು ಬೆನ್ನಿಗಿಲ್ಲದಿದ್ದರೆ ಅದು ಸುಲಭವಾಗಿ ಸಡಿಲಿಕೆಯಾಗಿಬಿಡುತ್ತದೆ.

ನವೀಕರಣಕ್ಕಾಗಿ ಬೇಡುವಾಗ ಏನನ್ನು ಬೇಡಬೇಕೆಂಬುದು ಇಲ್ಲಿನ ನಿಜವಾದ ಪ್ರಶ್ನೆ. 1554ರ ಸುಮಾರಿಗೆ, ಗಾಯಗೊಂಡ ಕ್ರಿಸ್ತನ ಪ್ರತಿಮೆಯ ಮುಂದೆ ಕಣ್ಣೀರಿಡುತ್ತ ಕುಸಿದ ತೆರೇಸಾ, ಬೇಡಿದ್ದನ್ನು ಕೊಡುವವರೆಗೆ ಏಳುವುದಿಲ್ಲವೆಂದು ಹಟ ಹಿಡಿದರು. ಅಂದು ಅವರು ಕೇಳಿದ್ದು ಇನ್ನೆಂದೂ ದೇವರ ಮನ ನೋಯಿಸದಂಥ ಬಲವನ್ನು. ಅವರ ಬದುಕು ತಿರುವು ಪಡೆದದ್ದು ಅಲ್ಲಿಂದ. ಆಧ್ಯಾತ್ಮಿಕ ಆನಂದವನ್ನೇ ಕೊಡೆಂದು ಅವರು ಕೇಳಿದ್ದು, ಅವರ ನೆನಪಿನಲ್ಲಿರುವಂತೆ, ತೀವ್ರ ಶುಷ್ಕತೆಯ ನಡುವೆ ಒಂದೇ ಒಂದು ಸಲ. ಕೇಳುತ್ತಿರುವುದೇನೆಂದು ಅರಿವಾದೊಡನೆ ನಾಚಿದರು, ಮತ್ತು ತಮ್ಮಲ್ಲಿ ವಿನಯ ಇಷ್ಟು ಕಡಿಮೆಯೇ ಎಂಬ ಆ ಸಂಕಟವೇ ತಾವು ಕೇಳಿದ್ದನ್ನು ತಂದುಕೊಟ್ಟಿತೆಂದು ಬರೆದಿದ್ದಾರೆ.