ಚೀನಾದ ಊಟದ ಮೇಜಿನಲ್ಲಿ

ವ್ಯಾಪಾರಕ್ಕಾಗಿ ಚೀನಾಕ್ಕೆ ಹೊರಟಿದ್ದ ಕುಣಿಗಲ್‌ನ ಯುವಕನಿಗೆ ತಾಯಿ ಅವಲಕ್ಕಿ, ಖರ್ಜೂರ, ಉಪ್ಪಿನಕಾಯಿ ಕಟ್ಟಿಕೊಟ್ಟರು. "ಅಲ್ಲಿಯ ಊಟ ಮುಟ್ಟಬೇಡ ಬೇಟಾ" ಎಂದರು. ಗುಬ್ಬಿಯ ಮಾಮಾ ಮಾತ್ರ ನಕ್ಕು, "ಹಂದಿಯೊಂದನ್ನು ಬಿಡು, ಉಳಿದದ್ದನ್ನು ಬಿಸ್ಮಿಲ್ಲಾ ಹೇಳಿ ತಿನ್ನು" ಎಂದರು. ಇಬ್ಬರದೂ ಪ್ರೀತಿಯ ಮಾತೇ. ಆದರೆ ಎರಡೂ ಸರಿಯಲ್ಲ.

ಒಮ್ಮೆ ಪ್ರವಾದಿವರ್ಯರ(ಸ) ಮುಂದೆ ಸುಟ್ಟ ಉಡವನ್ನು ಇಡಲಾಯಿತು. ಅವರು ಕೈ ಹಿಂದೆಗೆದರು. ಇದು ನಿಷಿದ್ಧವೇ ಎಂದು ಹ. ಖಾಲಿದ್(ರ) ಕೇಳಿದರು. ಅಲ್ಲ, ತಮ್ಮ ಜನರ ನಾಡಿನಲ್ಲಿ ಇದು ಇರಲಿಲ್ಲ, ಆದ್ದರಿಂದ ಮನಸ್ಸು ಒಪ್ಪುತ್ತಿಲ್ಲ ಎಂಬರ್ಥದ ಉತ್ತರ ಬಂತು. ಖಾಲಿದ್(ರ) ಅವರ ಎದುರಿಗೇ ತಿಂದರು. ಮನಸ್ಸಿಗೆ ಒಗ್ಗದಿರುವುದು ಬೇರೆ, ಹರಾಮ್ ಆಗಿರುವುದು ಬೇರೆ. ಹುದುಗಿಸಿದ ತೋಫುವಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವವನು ಅದನ್ನು ಹರಾಮ್ ಎನ್ನುವ ಹಾಗಿಲ್ಲ, ತಿನ್ನುವವರನ್ನು ಹೀಯಾಳಿಸುವ ಹಾಗೂ ಇಲ್ಲ.

ಇನ್ನು ಮಾಮಾನ ಮಾತು. ಕೆಲವರು ತಂದುಕೊಡುವ ಮಾಂಸವನ್ನು ಅಲ್ಲಾಹನ ಹೆಸರು ಹೇಳಿ ತಿನ್ನಿರಿ ಎಂಬ ಹದೀಸ್ ಬುಖಾರಿಯಲ್ಲಿದೆ ನಿಜ. ಆದರೆ ಅದು ಹೊಸದಾಗಿ ಇಸ್ಲಾಮ್ ಸ್ವೀಕರಿಸಿದವರು ತಂದ ಮಾಂಸದ ಕುರಿತು ಹೇಳಿದ ಮಾತು. ಗ್ರಂಥದವರ ಆಹಾರಕ್ಕೆ ಕುರ್‌ಆನ್ (5:5) ಅನುಮತಿ ನೀಡಿದೆ. ಚೀನಾದ ಬಹುಪಾಲು ಜನರು ಗ್ರಂಥದವರಲ್ಲ. ಹಾಗಾಗಿ ಅವರು ಕೊಯ್ದ ಕೋಳಿ, ಕುರಿಯೂ ನಮಗೆ ಸಮ್ಮತವಲ್ಲ. ಮೀನಿಗೆ ಈ ತೊಡಕಿಲ್ಲ.

14ನೆಯ ಶತಮಾನದಲ್ಲಿ ನಮ್ಮ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಬಳಿ ಇದ್ದು, ಮುಂದೆ ಚೀನಾಕ್ಕೆ ಹೋದ ಇಬ್ನ್ ಬತೂತರೂ ಈ ಪ್ರಶ್ನೆಯನ್ನು ಎದುರಿಸಿದ್ದರು. ಸಂತೆಯಲ್ಲಿ ಹಂದಿ, ನಾಯಿಯ ಮಾಂಸ ಕಂಡು ಅವರು ಹೇಸಿದರು. ಆದರೂ ಅಲ್ಲಿಯ ಕೋಳಿಯೊಂದನ್ನು ಕೊಂಡರು. ಅದು ಎಷ್ಟು ದೊಡ್ಡದಿತ್ತೆಂದರೆ ಎರಡು ಪಾತ್ರೆಗಳಲ್ಲಿ ಬೇಯಿಸಬೇಕಾಯಿತಂತೆ! ಹಾಂಗ್‌ಝೌನ ಅಮೀರನು ಔತಣ ಕೊಟ್ಟಾಗ ಮುಸ್ಲಿಮ್ ಬಾಣಸಿಗರನ್ನೇ ಕರೆಸಿ, ನಮ್ಮ ವಿಧಿಯಂತೆ ಕೊಯ್ಯಿಸಿ ಅಡುಗೆ ಮಾಡಿಸಿದನೆಂದು ಅವರು ಬರೆದಿದ್ದಾರೆ. ಅತಿಥಿಯ ಧರ್ಮ ತಿಳಿದಿದ್ದರೆ ಆತಿಥೇಯನು ಹೀಗೆ ಗೌರವಿಸುತ್ತಾನೆ. ಸಂಕೋಚದಿಂದ ಬಾಯಿ ಮುಚ್ಚಿಕೊಂಡು ಕೂತರೆ ಅವನಿಗೆ ತಿಳಿಯುವುದಾದರೂ ಹೇಗೆ?

ಈಗ ಹೋಗುವವರು "ಚಿಂಗ್‌ಝೆನ್" ಎಂಬ ಪದವನ್ನು ಕಲಿತಿರಲಿ. ಹಲಾಲ್ ಊಟಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಹುಯಿ ಮುಸ್ಲಿಮರ ಅಂಗಡಿಗಳ ಫಲಕದಲ್ಲಿ ಅದರ ಚೀನೀ ಅಕ್ಷರಗಳನ್ನು ಹುಡುಕಬೇಕು. ಅರಬಿ ಬರಹವನ್ನೇ ನೆಚ್ಚುವಂತಿಲ್ಲ, ಇತ್ತೀಚಿನ ವರ್ಷಗಳಲ್ಲಿ ಎಷ್ಟೋ ಕಡೆ ಅದನ್ನು ತೆಗೆಸಲಾಗಿದೆ. ಚೀನೀ ಭಾಷೆಯಲ್ಲಿ ಬರಿದೇ "ಮಾಂಸ" ಎಂದರೆ ಸಾಮಾನ್ಯವಾಗಿ ಹಂದಿಯದೇ. ಸೊಪ್ಪಿನ ಪಲ್ಯಕ್ಕೂ ಅದರ ಕೊಬ್ಬು ಅಥವಾ ಅಡುಗೆಯ ಮದ್ಯ ಬಿದ್ದಿರಬಹುದು. ಕೇಳಿಯೇ ತಿನ್ನಬೇಕು. (ತುಮಕೂರಿನ ಗಾಡಿಗಳ ಗೋಬಿ ಮಂಚೂರಿ ತಿಂದು ಚೀನಾದ ರುಚಿ ಗೊತ್ತು ಎನ್ನುವವರಿಗೆ ಅಲ್ಲಿ ನಿರಾಶೆ ಕಾದಿದೆ. ಅದು ನಮ್ಮ ದೇಶದಲ್ಲೇ ಹುಟ್ಟಿದ ತಿನಿಸು.)

ಲಾನ್‌ಝೌನ ಹುಯಿಗಳು ಕೈಯಿಂದಲೇ ಹಿಟ್ಟು ಎಳೆದು ಮಾಡುವ ಶಾವಿಗೆಯ ಅಂಗಡಿಗಳು ಚೀನಾದ ನಗರಗಳಲ್ಲೆಲ್ಲ ಇವೆ. ಶಿಆನ್‌ನ ಮುಸ್ಲಿಮ್ ಬೀದಿಯಲ್ಲಿ ದಪ್ಪ ರೊಟ್ಟಿಯನ್ನೂ ಖಾಲಿ ಬಟ್ಟಲನ್ನೂ ಮುಂದಿಡುತ್ತಾರೆ. ರೊಟ್ಟಿಯನ್ನು ನಾವೇ ಸಣ್ಣಗೆ ಮುರಿದುಕೊಟ್ಟರೆ ಅದಕ್ಕೆ ಕುರಿಮಾಂಸದ ಬಿಸಿ ಸಾರು ಹೊಯ್ದು ತರುತ್ತಾರೆ. ಪ್ರವಾದಿವರ್ಯರು(ಸ) ಮೆಚ್ಚಿದ್ದ ಸರೀದ್ ಎಂಬ ಊಟವೂ ಸಾರಿನಲ್ಲಿ ನೆನೆಸಿದ ರೊಟ್ಟಿಯೇ. ಮುದ್ದೆಯನ್ನು ಸಾರಿಗದ್ದಿ ಬೆಳೆದ ಕುಣಿಗಲ್‌ನ ಹುಡುಗನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.