ಬಾಡಿಗೆದಾರರು ಮೆಚ್ಚುವ ಆಸ್ತಿಯ ಆಯ್ಕೆ: ಜವಳಗೇರಾ ಭಾಗದ ವ್ಯಾಪಾರಿಗಳಿಗೊಂದು ಲೆಕ್ಕಾಚಾರ

ವ್ಯಾಪಾರದಲ್ಲಿ ಉಳಿದ ಹಣವನ್ನು ನಿವೇಶನ ಅಥವಾ ಮನೆಯ ಮೇಲೆ ಹಾಕುವುದು ತುಂಗಭದ್ರಾ ಎಡದಂಡೆ ಕಾಲುವೆ ಭಾಗದ ವರ್ತಕರಲ್ಲಿ ರೂಢಿಯಾಗಿದೆ. ಆದರೆ ಆಸ್ತಿಯನ್ನು ಕೊಳ್ಳುವವರು ಸಾಮಾನ್ಯವಾಗಿ ತಮ್ಮ ಅಭಿರುಚಿಯನ್ನು ನೋಡುತ್ತಾರೆಯೇ ಹೊರತು ಅಲ್ಲಿ ವಾಸಿಸಲಿರುವವರ ಅಗತ್ಯವನ್ನಲ್ಲ. ಮನೆ ಖಾಲಿ ಉಳಿದರೆ ನಷ್ಟವಾಗುವುದು ಬಾಡಿಗೆಯೊಂದೇ ಅಲ್ಲ. ಸುಗ್ಗಿಯಲ್ಲಿ ಭತ್ತದ ಖರೀದಿಗೆ ಬೇಕಾದ ದುಡಿಮೆಯ ಬಂಡವಾಳವೂ ಗೋಡೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಕಾರಣದಿಂದ ಆಯ್ಕೆಯ ಕ್ರಮವನ್ನು ಹಂತಹಂತವಾಗಿ ಪರಿಶೀಲಿಸುವುದು ಉಚಿತ.

1. ಬಾಡಿಗೆದಾರನು ಯಾರು?

ಸಿಂಧನೂರು–ಮಾನ್ವಿ–ರಾಯಚೂರು ರಸ್ತೆಯಲ್ಲಿರುವ ಜವಳಗೇರಾದಂಥ ಊರಿನಲ್ಲಿ ಬಾಡಿಗೆದಾರರನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ಶಿಕ್ಷಕರು, ಬ್ಯಾಂಕ್ ಹಾಗೂ ಆರೋಗ್ಯ ಕೇಂದ್ರದ ನೌಕರರು, ನೀರಾವರಿ ಇಲಾಖೆಯವರು, ಬೀಜೋತ್ಪಾದನಾ ಕ್ಷೇತ್ರದ ಸಿಬ್ಬಂದಿ ಮೊದಲಾದ ಮಾಸಿಕ ಸಂಬಳದವರು ಮೊದಲನೆಯ ವರ್ಗ. ಅಕ್ಕಿ ಗಿರಣಿಯ ಕೆಲಸಗಾರರು, ಕಟಾವು ಯಂತ್ರದ ಚಾಲಕರು, ಗೊಬ್ಬರ ಮತ್ತು ಕೀಟನಾಶಕದ ಮಾರಾಟಗಾರರು ಮೊದಲಾದ ಬೆಳೆಯನ್ನೇ ನಂಬಿದವರು ಎರಡನೆಯ ವರ್ಗ.

ಎರಡನೆಯ ವರ್ಗದ ಬೇಡಿಕೆಯು ಕಾಲುವೆಯ ನೀರಿನೊಡನೆ ಏರುತ್ತದೆ, ಇಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಪ್ರದೇಶವೇ ಆತಂಕಕ್ಕೊಳಗಾದುದನ್ನು ಯಾರೂ ಮರೆತಿಲ್ಲ. ವರ್ತಕನ ವ್ಯಾಪಾರವೂ ಅದೇ ನೀರನ್ನು ಅವಲಂಬಿಸಿರುತ್ತದೆ. ಅವನ ಬಾಡಿಗೆ ಆದಾಯವೂ ಅದನ್ನೇ ಅವಲಂಬಿಸಿದರೆ ಎರಡೂ ಏಕಕಾಲಕ್ಕೆ ಕುಸಿಯುವ ಸಂಭವವಿದೆ. ಆದುದರಿಂದ ಸಂಬಳದಾರ ಕುಟುಂಬಗಳು ಒಪ್ಪುವಂಥ ಮನೆಯೇ ಹೆಚ್ಚು ಸುರಕ್ಷಿತ.

2. ಸ್ಥಳ ಮತ್ತು ಕಟ್ಟಡ

ಬಾಡಿಗೆದಾರನು ಮೊದಲು ಕೇಳುವ ಪ್ರಶ್ನೆ ನೀರಿನದು. ಬೇಸಿಗೆಯಲ್ಲಿ ಕಾಲುವೆ ಬಂದಾದಾಗಲೂ ಮನೆಗೆ ನೀರು ಬರುವುದೇ, ನೆಲದೊಳಗಿನ ಸಂಪು ಮತ್ತು ಮೇಲಿನ ಟ್ಯಾಂಕು ಸಾಕಷ್ಟು ದೊಡ್ಡದಿವೆಯೇ, ಕೊಳವೆಬಾವಿಯ ನೀರು ಸವುಳಾಗಿದೆಯೇ ಎಂಬುದನ್ನು ಕೊಳ್ಳುವವನು ಬೇಸಿಗೆಯಲ್ಲೇ ಪರೀಕ್ಷಿಸಬೇಕು. ಬಸ್ ನಿಲ್ದಾಣ, ಶಾಲೆ ಮತ್ತು ದವಾಖಾನೆಗೆ ನಡೆದು ಹೋಗುವಷ್ಟು ದೂರ, ಪ್ರತ್ಯೇಕ ವಿದ್ಯುತ್ ಮೀಟರು, ಮನೆಗೊಂದು ಶೌಚಾಲಯ, ದ್ವಿಚಕ್ರ ವಾಹನ ನಿಲ್ಲಿಸಲು ಜಾಗ: ಇವು ಅಮೃತಶಿಲೆಯ ನೆಲಕ್ಕಿಂತ ಹೆಚ್ಚು ಬಾಡಿಗೆಯನ್ನು ತರುತ್ತವೆ.

ಈ ಭಾಗದ ಕಪ್ಪು ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಗುಣವುಳ್ಳದ್ದು. ಅಡಿಪಾಯ ಆಳವಾಗಿರದಿದ್ದರೆ ಗೋಡೆಗಳು ಸೀಳುತ್ತವೆ. ಹಿಂದೆ ಗದ್ದೆಯಾಗಿದ್ದ ನಿವೇಶನಗಳಲ್ಲಿ ನೀರು ಬಸಿದು ತೇವ ಏರುವುದೂ ಉಂಟು. ಬಸಿಗಾಲುವೆಯಿಲ್ಲದ ಬಡಾವಣೆಯಲ್ಲಿ ಅಗ್ಗಕ್ಕೆ ಸಿಕ್ಕ ಮನೆಯು ದುರಸ್ತಿಯ ವೆಚ್ಚದಿಂದ ತುಟ್ಟಿಯಾಗುತ್ತದೆ.

ಗಿಣಿಗೇರಾ–ಮಹಬೂಬ್‌ನಗರ ರೈಲುಮಾರ್ಗದಲ್ಲಿ 2024ರಲ್ಲಿ ಸಿಂಧನೂರಿನವರೆಗೆ ಗಾಡಿಗಳು ಬಂದವು. ಇಂಥ ಸುದ್ದಿಯ ಬಲದಿಂದ ನಿವೇಶನದ ಬೆಲೆ ಒಂದೇ ವರ್ಷದಲ್ಲಿ ಏರಬಹುದು. ಬಾಡಿಗೆಯಾದರೋ ಜನರ ಸಂಬಳ ಏರಿದಷ್ಟೇ ಏರುತ್ತದೆ. ನಾಳಿನ ನಿರೀಕ್ಷೆಗೆ ಇಂದೇ ಬೆಲೆ ತೆತ್ತವನ ಪ್ರತಿಫಲ ಕುಗ್ಗುವುದು ನಿಶ್ಚಿತ.

3. ನಿವ್ವಳ ಪ್ರತಿಫಲದ ಲೆಕ್ಕ

ಉದಾಹರಣೆಗಾಗಿ ರೂ. 30 ಲಕ್ಷ ಬೆಲೆಯ ಎರಡು ಆಸ್ತಿಗಳನ್ನು ಊಹಿಸೋಣ. ಮೊದಲನೆಯದು ಒಂದೇ ದೊಡ್ಡ ಮನೆ. ಬಾಡಿಗೆ ತಿಂಗಳಿಗೆ ರೂ. 12,000. ಇಂಥ ಮನೆಗೆ ಗಿರಾಕಿಗಳು ವಿರಳ. ವರ್ಷದಲ್ಲಿ 3 ತಿಂಗಳು ಖಾಲಿ ಉಳಿದರೆ ಕೈಸೇರುವುದು ರೂ. 1,08,000. ಆಸ್ತಿ ತೆರಿಗೆ ರೂ. 6,000 ಮತ್ತು ದುರಸ್ತಿ ರೂ. 18,000 ಕಳೆದರೆ ಉಳಿಯುವುದು ರೂ. 84,000, ಅಂದರೆ ಶೇ. 2.8.

ಎರಡನೆಯದು ಸಾಲಾಗಿ ಕಟ್ಟಿದ 4 ಸಣ್ಣ ಮನೆಗಳು. ಬಾಡಿಗೆ ತಲಾ ರೂ. 4,500, ವರ್ಷಕ್ಕೆ ರೂ. 2,16,000. ಪ್ರತಿ ಮನೆಯೂ ಒಂದು ತಿಂಗಳು ಖಾಲಿಯಿದ್ದರೆ ರೂ. 1,98,000. ತೆರಿಗೆ ರೂ. 10,000, ಮೋಟರು, ಚರಂಡಿ, ಸುಣ್ಣಬಣ್ಣಗಳಿಗೆ ರೂ. 38,000 ಕಳೆದರೆ ರೂ. 1,50,000, ಅಂದರೆ ಶೇ. 5. ಒಬ್ಬ ಬಾಡಿಗೆದಾರನು ಬಿಟ್ಟುಹೋದರೂ ಉಳಿದ ಮೂವರಿಂದ ಆದಾಯ ಬರುತ್ತಿರುತ್ತದೆ.

ಆದರೆ ಎರಡನೆಯ ಆಸ್ತಿಗೂ ರೂ. 20 ಲಕ್ಷ ಸಾಲವನ್ನು ಶೇ. 9ರ ದರದಲ್ಲಿ ತಂದರೆ ಮೊದಲ ವರ್ಷದ ಬಡ್ಡಿಯೇ ಸುಮಾರು ರೂ. 1,80,000. ಬಾಡಿಗೆಯು ಬಡ್ಡಿಯನ್ನೂ ತೀರಿಸದು. ಕೊರತೆಯನ್ನು ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ತುಂಬಬೇಕಾಗುತ್ತದೆ. ಆದುದರಿಂದ ಸಣ್ಣ ಊರುಗಳಲ್ಲಿ ಬಾಡಿಗೆ ಆಸ್ತಿಯನ್ನು ಬಹುಪಾಲು ಸ್ವಂತ ಹಣದಿಂದಲೇ ಕೊಳ್ಳುವುದು ಲೇಸು.

4. ತೆರಿಗೆಯ ಅಂಶಗಳು

ಮನೆ ಬಾಡಿಗೆಯ ಆದಾಯದಲ್ಲಿ, ಮಾಲೀಕನು ಪಾವತಿಸಿದ ಸ್ಥಳೀಯ ತೆರಿಗೆಯನ್ನು ಕಳೆದು ಉಳಿದುದರ ಶೇ. 30ರಷ್ಟು ಕಡಿತ ದೊರೆಯುತ್ತದೆ. ದುರಸ್ತಿಗೆ ಎಷ್ಟೇ ವೆಚ್ಚವಾದರೂ ಬೇರೆ ಕಡಿತವಿಲ್ಲ. ಎರಡನೆಯ ಉದಾಹರಣೆಯಲ್ಲಿ ರೂ. 1,88,000ದಲ್ಲಿ ರೂ. 56,400 ಕಳೆದು ರೂ. 1,31,600 ತೆರಿಗೆಗೆ ಒಳಪಡುತ್ತದೆ. ಸಾಲವಿದ್ದರೆ ಬಡ್ಡಿಯನ್ನೂ ಕಳೆಯಬಹುದು. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಮನೆ ಆಸ್ತಿಯ ನಷ್ಟವನ್ನು ವ್ಯಾಪಾರದ ಲಾಭಕ್ಕೆ ವಜಾ ಮಾಡಿಕೊಳ್ಳಲು ಅವಕಾಶವಿಲ್ಲ. ತೆರಿಗೆ ಉಳಿಸಲೆಂದೇ ಸಾಲ ಮಾಡಿ ಮನೆ ಕೊಳ್ಳುವವರು ಇದನ್ನು ಗಮನಿಸತಕ್ಕದ್ದು.

ವಾಸಕ್ಕಾಗಿ ವ್ಯಕ್ತಿಗಳಿಗೆ ಕೊಟ್ಟ ಮನೆಗೆ ಜಿ.ಎಸ್.ಟಿ. ಇಲ್ಲ. ಅಂಗಡಿ, ಗೋದಾಮುಗಳ ವಿಷಯ ಬೇರೆ. 2024ರ ಅಕ್ಟೋಬರ್ 10ರಿಂದ ನೋಂದಣಿಯಿಲ್ಲದ ಮಾಲೀಕನು ನೋಂದಾಯಿತ ವರ್ತಕನಿಗೆ ಮಳಿಗೆ ಕೊಟ್ಟರೆ ಶೇ. 18ರ ತೆರಿಗೆಯನ್ನು ಬಾಡಿಗೆದಾರನೇ ಕಟ್ಟಬೇಕು. ಕಾಂಪೋಜಿಷನ್ ವರ್ತಕರನ್ನು ಮಾತ್ರ ನಂತರ ಇದರಿಂದ ಹೊರಗಿಡಲಾಯಿತು. ತೆರಿಗೆ ವಿನಾಯಿತಿಯುಳ್ಳ ಸರಕು ಮಾರುವಷ್ಟರ ಮಟ್ಟಿಗೆ ಇದರ ಕ್ರೆಡಿಟ್ ಸಿಗದು. ಅಂಥ ಬಾಡಿಗೆದಾರನು ಆ ಭಾರವನ್ನು ಬಾಡಿಗೆಯಲ್ಲೇ ಇಳಿಸಲು ಕೇಳುವುದು ಸಹಜ.

5. ಕಾಗದಪತ್ರಗಳು

ಮುಂಗಡ ಕೊಡುವ ಮೊದಲು ಭೂಪರಿವರ್ತನೆಯ ಆದೇಶ, ಬಡಾವಣೆಯ ಅನುಮೋದನೆ, ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ ಮತ್ತು ಋಣಭಾರ ಪತ್ರಗಳನ್ನು ನೋಡಬೇಕು. ಸ್ಥಿರಾಸ್ತಿಯ ವರ್ಗಾವಣೆಗಾಗಿ ರೂ. 20,000 ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ. ಬಾಡಿಗೆಗೆ ಕೊಡುವಾಗ ಅವಧಿ ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ಕರಾರನ್ನು ನೋಂದಾಯಿಸಬೇಕು. 11 ತಿಂಗಳ ಕರಾರು ರೂಢಿಗೆ ಬಂದಿರುವುದು ಈ ಕಾರಣದಿಂದಲೇ. ಠೇವಣಿ, ವಿದ್ಯುತ್ ಬಿಲ್ಲು, ಮನೆ ಬಿಡುವ ಮುನ್ನ ಕೊಡಬೇಕಾದ ಸೂಚನೆಯ ಅವಧಿ ಇವೆಲ್ಲವೂ ಅದರಲ್ಲಿ ಬರಹರೂಪದಲ್ಲಿರಲಿ.

ಸಾರಾಂಶ

ವರ್ತಕನು ಅಂಗಡಿಗೆ ಸರಕು ತರುವಾಗ ತನಗೆ ಇಷ್ಟವಾದುದನ್ನು ತರುವುದಿಲ್ಲ. ಗಿರಾಕಿ ಕೇಳುವುದನ್ನು ತರುತ್ತಾನೆ. ಬಾಡಿಗೆ ಆಸ್ತಿಗೂ ಅದೇ ನಿಯಮ. ಕೊಳ್ಳುವ ಮುನ್ನ ಅದೇ ಓಣಿಯ ನಾಲ್ಕು ಬಾಡಿಗೆದಾರರನ್ನು ಮಾತನಾಡಿಸಿ ಅವರು ಎಷ್ಟು ಬಾಡಿಗೆ ಕೊಡುತ್ತಾರೆ, ಹಿಂದಿನ ಮನೆಯನ್ನು ಏಕೆ ಬಿಟ್ಟರು ಎಂದು ಕೇಳಿ ತಿಳಿಯಬೇಕು. ಆ ಉತ್ತರಗಳಿಂದ ದೊರೆತ ಬಾಡಿಗೆಯ ಅಂಕಿಯನ್ನೇ ಮೇಲಿನ ಲೆಕ್ಕದಲ್ಲಿ ಬಳಸಿ, ಬ್ಯಾಂಕ್ ಠೇವಣಿಯ ಬಡ್ಡಿಯೊಡನೆಯೂ ಸ್ವಂತ ವ್ಯಾಪಾರದ ಲಾಭದೊಡನೆಯೂ ಹೋಲಿಸಿ ನೋಡಿದ ಬಳಿಕವೇ ಖರೀದಿಯ ನಿರ್ಧಾರ ಕೈಗೊಳ್ಳುವುದು ಕ್ಷೇಮಕರ.